ಹಿರೋಶಿಮಾದ ಮರಗಳು ಮತ್ತು ಅನಿತ್ಯದ ಪ್ರಶ್ನೆ

ಹುಟ್ಟಿದ್ದೆಲ್ಲವೂ ಅಳಿಯುವಂಥದ್ದೆಂಬ ಅನಿತ್ಯತತ್ವವನ್ನು ಬೋಧಿಸುವ ಬೌದ್ಧಧರ್ಮದ ನೆಲದಲ್ಲಿ, ಅಳಿಯದೆ ಉಳಿದ ಮರಗಳನ್ನು ಜನ ಭಕ್ತಿಯಿಂದ ಕಾಣುವುದು ಮೇಲ್ನೋಟಕ್ಕೆ ವಿರೋಧವೆನಿಸುತ್ತದೆ. ಜಪಾನಿನ ಹಿರೋಶಿಮಾದಲ್ಲಿ ಇದು ಬರಿಯ ತರ್ಕದ ಮಾತಲ್ಲ. 1945ರ ಆಗಸ್ಟ್ 6ರಂದು ಅಣುಬಾಂಬಿಗೆ ಸಿಕ್ಕಿ ನಗರ ಬೂದಿಯಾದಾಗ, ಇನ್ನು ದಶಕಗಳ ಕಾಲ ಅಲ್ಲಿ ಹುಲ್ಲುಕಡ್ಡಿಯೂ ಹುಟ್ಟದೆಂಬ ಸುದ್ದಿ ಹಬ್ಬಿತ್ತು; ಆದರೆ ಮರುವರ್ಷದ ವಸಂತಕ್ಕೇ ಕರಕಲಾದ ಮರಗಳಲ್ಲಿ ಚಿಗುರು ಕಾಣಿಸಿತು. ಸ್ಫೋಟಕೇಂದ್ರದಿಂದ ಸುಮಾರು 2 ಕಿ.ಮೀ. ಒಳಗೆ ಹೀಗೆ ಬದುಕುಳಿದ ಮರಗಳನ್ನು ನಗರಾಡಳಿತ ಗುರುತಿಸಿ ಫಲಕ ಹಾಕಿದ್ದು, ಅವುಗಳಿಗೆ 'ಹಿಬಾಕುಜುಮೊಕು', ಅಂದರೆ ಬಾಂಬಿಗೆ ತುತ್ತಾದ ಮರಗಳು, ಎಂದು ಹೆಸರು.

ಇವುಗಳಲ್ಲಿ ಹೋಸೆನ್‌ಬೋ ದೇವಾಲಯದ ಗಿಂಕ್ಗೋ ವಿಶೇಷವಾಗಿ ಗಮನ ಸೆಳೆಯುತ್ತದೆ. ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆಗಳಲ್ಲಿಯೂ ಬಂಧುಗಳನ್ನು ಹೊಂದಿರುವ ಈ ವೃಕ್ಷಜಾತಿಯ ಗಟ್ಟಿತನ ದೊಡ್ಡದು. ಆದರೂ ಇಂಥ ಮರಗಳು ಉಳಿದದ್ದಕ್ಕೆ ಮುಖ್ಯ ಕಾರಣ, ನೆಲದ ಮೇಲಿನದೆಲ್ಲ ಸುಟ್ಟರೂ ಮಣ್ಣಿನ ಮರೆಯಲ್ಲಿದ್ದ ಬೇರು ಜೀವ ಹಿಡಿದಿದ್ದುದು. 1994ರಲ್ಲಿ ದೇವಾಲಯವನ್ನು ಮತ್ತೆ ಕಟ್ಟಿಸಿದಾಗ ಮರವನ್ನು ಕಡಿಯದೆ, ಮೆಟ್ಟಿಲುಗಳನ್ನೇ ಎಡಬಲಕ್ಕೆ ಸೀಳಿ, ಅದನ್ನು ನಡುವೆ ಉಳಿಸಿಕೊಳ್ಳಲಾಯಿತು. ಇದರ ಹಿಂದೆ ದೀರ್ಘವಾದ ಚಿಂತನೆಯೊಂದರ ಬಲವನ್ನು ಕಾಣಬಹುದು: ಅಚೇತನಕ್ಕೂ ಬುದ್ಧಸ್ವಭಾವವಿದೆಯೆಂದು 8ನೆಯ ಶತಮಾನದಲ್ಲಿ ಚೀನಾದ ಝಾನ್‌ರಾನ್ ವಾದಿಸಿದ್ದನು, ಜಪಾನಿನ ತೆಂದೈ ಪಂಥ ಅದನ್ನು ಮುಂದುವರಿಸಿ, ಹುಲ್ಲು ಮರಗಳೂ ಬುದ್ಧತ್ವ ಪಡೆಯುತ್ತವೆಂಬ ಸಿದ್ಧಾಂತವನ್ನು ಬೆಳೆಸಿತು.

ಈ ದೃಷ್ಟಿಯಲ್ಲಿ ಮರವು ಮನುಷ್ಯನ ಧೈರ್ಯಕ್ಕೆ ಸಂಕೇತ ಮಾತ್ರವಲ್ಲ, ಅವನ ದುಃಖದಲ್ಲಿ ಪಾಲುಗೊಂಡ ಸಹಜೀವಿ. ಈ ಭೇದ ಬಹಳ ಮುಖ್ಯವಾದುದು. ಏಕೆಂದರೆ ಜನಾಂಗವೊಂದನ್ನು ಹಳೆಯ ಗಟ್ಟಿಮರಕ್ಕೆ ಹೋಲಿಸಿ ಕೊಂಡಾಡುವವರು, ಅದು ಸಹಿಸಿದ್ದನ್ನು ಬಿರುಗಾಳಿಯಂಥ ಪ್ರಕೃತಿವಿಕೋಪವೆಂಬಂತೆ ಕಂಡು, ಬಾಂಬನ್ನು ಹಾಕಿದ್ದು ಮನುಷ್ಯರೆಂಬುದನ್ನೂ, ಬದುಕುಳಿದವರು ಮದುವೆ ಉದ್ಯೋಗಗಳಲ್ಲಿ ತಮ್ಮವರಿಂದಲೇ ಕಡೆಗಣನೆಗೆ ಒಳಗಾದರೆಂಬುದನ್ನೂ ಮರೆಯುವ ಅಪಾಯವಿದೆ. ಮರವನ್ನು ಸಹಜೀವಿಯಾಗಿ ಕಂಡದ್ದಕ್ಕೆ ಒಂದು ನಿದರ್ಶನವಿದೆ: ಬಾಂಬಿನಿಂದ ಎಡಗಾಲನ್ನು ಕಳೆದುಕೊಂಡು ಸಾವನ್ನೇ ಬಯಸಿದ್ದ ಸುಜುಕೊ ನುಮಾತಾ ಅವರು, ಸ್ಫೋಟಕೇಂದ್ರದ ಕಡೆಗಿದ್ದ ಮೈ ಸುಟ್ಟು ಟೊಳ್ಳಾದರೂ ಚಿಗುರಿದ ಅಓಗಿರಿ ಮರವನ್ನು ಕಂಡು ಬದುಕುವ ಮನಸ್ಸು ಮಾಡಿದರು. ಆ ಮರವನ್ನು 1973ರಲ್ಲಿ ಶಾಂತಿ ಸ್ಮಾರಕ ಉದ್ಯಾನಕ್ಕೆ ತಂದು ನೆಟ್ಟ ಮೇಲೆ, ಅದರಡಿಯಲ್ಲಿಯೇ ಅವರು ಮಕ್ಕಳಿಗೆ ಯುದ್ಧದ ಕಥೆಯನ್ನು ಹೇಳಿದರು.

ಹಾಗಾದರೆ ಮೊದಲು ಕಂಡ ವಿರೋಧ ನಿಲ್ಲುವುದಿಲ್ಲ. ಬೌದ್ಧದರ್ಶನದ ಪ್ರಕಾರ ಮುಂದುವರಿಯುವುದು ಬದಲಾಗದ ವಸ್ತುವಲ್ಲ, ಕ್ಷಣಕ್ಷಣವೂ ಬದಲಾಗುತ್ತ ಹರಿಯುವ ಸಂತತಿ. ಸುಟ್ಟ ಮರವೂ ಚಿಗುರಿದ ಮರವೂ ಒಂದೇ ಅಲ್ಲ, ಬೇರೆಯೂ ಅಲ್ಲ. ಬದಲಾಗದ ವಸ್ತುವಾಗಿದ್ದರೆ ಅದು ಚಿಗುರುತ್ತಲೇ ಇರಲಿಲ್ಲ. ಅಓಗಿರಿಯ ಬೀಜದಿಂದ ಬೆಳೆಸಿದ ಸಸಿಗಳು ಇಂದು ಹಲವು ದೇಶಗಳ ಮಣ್ಣಿನಲ್ಲಿವೆ; ಅವುಗಳ ಕಾಂಡದಲ್ಲಿ ಟೊಳ್ಳಿಲ್ಲದಿರುವುದರಿಂದಲೇ, ಆ ಗಾಯದ ಕಥೆಯನ್ನು ನೆಟ್ಟವರು ಬಾಯಿಬಿಟ್ಟು ಹೇಳಬೇಕಾಗುತ್ತದೆ.