‘ನನಗೂ ಹಾಗೇ’ ಎಂಬ ಮಾತು

ಬಸುರಿನ ಮೊದಲ ಮೂರು ತಿಂಗಳಿಗೆ ಒಂದು ಗುಟ್ಟಿದೆ, ಕೊನೆಯ ಮೂರು ತಿಂಗಳಿಗೆ ಒಂದು ಭಯವಿದೆ. ನಡುವಿನ ತಿಂಗಳುಗಳಿಗೆ ಇರುವುದು ಬರೀ ದಿನಚರಿ. ಹೆಚ್ಚಿನವರಿಗೆ ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರವಾಗಿರುವುದಿಲ್ಲ. ನೋಡಿದವರು ‘ಈಗ ಆರಾಮ ಅಲ್ವಾ?’ ಎನ್ನುತ್ತಾರೆ. ಹೌದು ಎನ್ನದೆ ಬೇರೆ ದಾರಿಯಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಕಾಲಿನ ಮೀನಖಂಡ ಸೆಟೆದುಕೊಂಡು ಎಚ್ಚರವಾಗುವುದು, ಉಂಡ ಅನ್ನ ಎದೆಯಲ್ಲೇ ನಿಂತು ಉರಿಯುವುದು, ಮೊನ್ನೆಯವರೆಗೆ ಸರಿಯಾಗಿದ್ದ ರವಿಕೆಯ ಹುಕ್ಕು ಇವತ್ತು ಕೂಡದೇ ಹೋಗುವುದು, ಹೊಟ್ಟೆಯ ಚರ್ಮ ಸುಮ್ಮಸುಮ್ಮನೆ ತುರಿಸುವುದು, ಇವು ಯಾವುವೂ ಸುದ್ದಿಯಲ್ಲ. ಡಾಕ್ಟರಿಗೆ ಹೇಳಿದರೆ ‘ನಾರ್ಮಲ್’ ಎನ್ನುತ್ತಾರೆ. ಗಂಡನಿಗೆ ಹೇಳಿದರೆ ಮೊಬೈಲು ತೆಗೆದು ಪರಿಹಾರ ಹುಡುಕಿ ಓದುತ್ತಾನೆ. ಅತ್ತೆಗೆ ಹೇಳಿದರೆ ‘ನಾವೂ ಹೆತ್ತಿಲ್ವೇನಮ್ಮಾ’ ಎನ್ನುತ್ತಾರೆ. ಮೂರರಲ್ಲಿ ಯಾವ ಉತ್ತರವೂ ತಪ್ಪಲ್ಲ. ಆದರೂ ಆಡಿದ ಮಾತು ಆಡಿದವಳ ಬಳಿಗೇ ಮರಳಿ ಬಂದು ಕೂರುತ್ತದೆ.

ಆ ಮಾತನ್ನು ಕೈನೀಡಿ ತೆಗೆದುಕೊಳ್ಳುವವಳು ಒಬ್ಬಳಿದ್ದಾಳೆ: ಅದೇ ತಿಂಗಳುಗಳಲ್ಲಿರುವ ಇನ್ನೊಬ್ಬ ಬಸುರಿ. ‘ಅಯ್ಯೋ, ನಂಗೂ ಹಾಗೇ ಕಣ್ರೀ’ ಎಂದಷ್ಟೇ ಅವಳು ಹೇಳುವುದು. ಅದರಲ್ಲಿ ಮದ್ದಿಲ್ಲ, ಸಲಹೆಯಿಲ್ಲ. ಆದರೂ ಕೇಳಿದವಳಿಗೆ ಹಗುರಾಗುತ್ತದೆ. ಯಾಕೆ? ಕಾಲಿನ ಸೆಳೆತ ಇದ್ದಂತೆಯೇ ಇದೆಯಲ್ಲ. ಇನ್ನೊಬ್ಬಳ ಕಾಲೂ ಸೆಳೆಯುತ್ತದೆ ಎಂದು ತಿಳಿದರೆ ನನ್ನ ನೋವು ಕಡಿಮೆಯಾಗುವುದಾದರೂ ಹೇಗೆ? ನೋಡಲು ಸಣ್ಣ ಪ್ರಶ್ನೆ. ಆದರೆ ಅನುಭವ ಹಂಚಿಕೊಳ್ಳುವುದೆಂದರೆ ಏನು, ಹಾಗೆ ಹಂಚಿಕೊಳ್ಳುವಾಗ ಇನ್ನೊಬ್ಬರಿಗೆ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬ ನೈತಿಕ ಪ್ರಶ್ನೆ ಅದರೊಳಗಿದೆ.

ಈ ಮಾತುಕತೆ ನಡೆಯುವ ಜಾಗವನ್ನು ಮೊದಲು ನೋಡೋಣ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾದಾಗಿನಿಂದ, ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ಮೂರು ತಿಂಗಳು ದಾಟಿದ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಇಷ್ಟಕ್ಕೆ ಅರ್ಧ ದಿನವಾದರೂ ಬೇಕು. ಆ ಅರ್ಧ ದಿನ ತಾಯಿ ಕಾರ್ಡು ಕೈಯಲ್ಲಿ ಹಿಡಿದು ಹೆಂಗಸರು ಬೆಂಚಿನ ಮೇಲೆ ಕೂತಿರುತ್ತಾರೆ. ಅಲ್ಲಿ ಮಾತು ಹೆಸರಿನಿಂದ ಶುರುವಾಗುವುದಿಲ್ಲ, ಊರಿನಿಂದಲೂ ಅಲ್ಲ. ‘ನಿಮಗೆಷ್ಟು?’ ಎಂದು ಒಬ್ಬಳು ಕೇಳುತ್ತಾಳೆ. ‘ಐದು ತುಂಬಿ ಆರು’ ಎಂದು ಇನ್ನೊಬ್ಬಳು ಹೇಳುತ್ತಾಳೆ. ಪರಿಚಯಕ್ಕೆ ಅಷ್ಟು ಸಾಕು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯೂ ಇಂಥದೇ ಒಂದು ಜಾಗವನ್ನು ಮಾಡಿತು. ಬಸುರಿ ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು ಎಂಬುದು ಅದರ ನಿಯಮ. ಮಲೆನಾಡಿನಂಥ ಕಡೆ ಊಟಕ್ಕಾಗಿ ಅಷ್ಟು ದೂರ ನಡೆದು ಬರುವುದು ಕಷ್ಟ ಎಂಬ ದೂರುಗಳು ಬಂದವು, ಅವು ನ್ಯಾಯವಾದ ದೂರುಗಳೇ. ಆದರೆ ಬಂದವರಿಗೆ ಅನ್ನ, ಸಾರು, ಮೊಟ್ಟೆಯ ಜೊತೆಗೆ ಇನ್ನೊಂದು ಸಿಕ್ಕಿತು. ಯಾರ ಪಕ್ಕ ಯಾರು ಕೂತು ಉಣ್ಣಬೇಕು ಎಂಬುದು ಯಾವತ್ತೂ ಸರಳವಾಗಿರದ ನಮ್ಮ ಊರುಗಳಲ್ಲಿ, ಹೊಟ್ಟೆ ಹೊತ್ತವರು ಒಂದೇ ಸಾಲಿನಲ್ಲಿ ಕೂರುವ ಒಂದು ಮಧ್ಯಾಹ್ನ.

ಆ ಸಾಲಿನಲ್ಲಿ ಆಡುವ ಮಾತು ಹರಟೆಯಂತೆ ಕಾಣುತ್ತದೆ. ಅದರ ಬೆಲೆ ಗೊತ್ತಾಗಬೇಕಾದರೆ ಕಬ್ಬಿಣದ ಮಾತ್ರೆಯನ್ನೇ ನೋಡಿ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಮಾತ್ರೆ ಕೊಡುವವರು ಎಣಿಸಿ ಕೊಡುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ. ಅದನ್ನು ನುಂಗಿದರೆ ಮಲ ಕಪ್ಪಾಗುತ್ತದೆ ಎಂದು ಹೇಳಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಚೊಚ್ಚಲ ಬಸುರಿ ಅದನ್ನು ಕಂಡು ಹೆದರುತ್ತಾಳೆ. ಕೇಳಲು ನಾಚಿಕೆ. ಸುಮ್ಮನೆ ಮಾತ್ರೆ ನಿಲ್ಲಿಸಿ, ಪೊಟ್ಟಣವನ್ನು ಬೀರುವಿನ ಸೀರೆಗಳ ಕೆಳಗೆ ಇಡುತ್ತಾಳೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಹೆರಿಗೆಯ ಹೊತ್ತಿಗೆ ಇದು ಪ್ರಾಣದ ಪ್ರಶ್ನೆಯಾಗಬಹುದು. ಪಕ್ಕದಲ್ಲಿ ಕೂತವಳು ದನಿ ತಗ್ಗಿಸಿ, ‘ನಂಗೂ ಕಪ್ಪಗೇ ಆಗುತ್ತೆ. ಸಿಸ್ಟರ್ ಹೇಳಿದ್ರು, ಮಾತ್ರೆಯಿಂದಾನೇ ಅದು. ಕಾಫಿ ಜೊತೆ ತಗೋಬೇಡಿ ಅಂದ್ರು’ ಎಂದರೆ ಒಂದು ಪೊಟ್ಟಣ ಸೀರೆಯ ಕೆಳಗಿನಿಂದ ಹೊರಗೆ ಬರುತ್ತದೆ. ಡಾಕ್ಟರ ಜ್ಞಾನ ಇಷ್ಟು ಇಕ್ಕಟ್ಟಾದ ಜಾಗಕ್ಕೆ ತಲುಪುವುದು ಇಂಥ ಮಾತಿನ ಮೂಲಕವೇ.

ಹಾಗಾದರೆ ಹೆತ್ತ ಅನುಭವವಿರುವ ಅತ್ತೆ ಅಥವಾ ಅಮ್ಮನ ಮಾತಿಗಿಂತ ಈ ಜೊತೆಗಾತಿಯ ಮಾತು ಹೆಚ್ಚು ತಟ್ಟುವುದು ಯಾಕೆ? ಅಮೆರಿಕದ ತತ್ವಶಾಸ್ತ್ರಜ್ಞೆ ಎಲ್. ಎ. ಪಾಲ್ 2014ರಲ್ಲಿ ಪ್ರಕಟವಾದ ತಮ್ಮ ‘ಟ್ರಾನ್ಸ್‌ಫಾರ್ಮೇಟಿವ್ ಎಕ್ಸ್‌ಪೀರಿಯೆನ್ಸ್’ ಪುಸ್ತಕದಲ್ಲಿ ಒಂದು ವಾದ ಮುಂದಿಡುತ್ತಾರೆ. ಕೆಲವು ಅನುಭವಗಳು ಹೇಗಿರುತ್ತವೆ ಎಂಬುದು ಅವನ್ನು ಹೊಕ್ಕಲ್ಲದೆ ತಿಳಿಯುವುದಿಲ್ಲ, ಹೊಕ್ಕವರು ಮೊದಲಿನವರಾಗಿ ಉಳಿಯುವುದೂ ಇಲ್ಲ. ಮಗುವನ್ನು ಪಡೆಯುವುದು ಅಂಥ ಅನುಭವಗಳಲ್ಲಿ ಒಂದು. ಬೇರೆಯವರು ಎಷ್ಟೇ ಹೇಳಿದರೂ ಅದು ನನಗೆ ಹೇಗಿರುತ್ತದೆ ಎಂಬುದನ್ನು ಅವರ ಮಾತು ಮುಂಚಿತವಾಗಿ ತಿಳಿಸಲಾರದು. ಈ ವಾದವನ್ನು ಒಪ್ಪಿದರೆ ಹಂಚಿಕೊಳ್ಳುವುದೇ ವ್ಯರ್ಥ ಎನ್ನಿಸಬಹುದು. ನನಗೆ ಹಾಗೆನ್ನಿಸುವುದಿಲ್ಲ. ಹೆತ್ತವಳ ಕಥೆಗೆ ಕೊನೆಯಿದೆ. ಅವಳು ಆಚೆ ದಡದಲ್ಲಿ ನಿಂತು, ‘ಎಲ್ಲಾ ಸರಿಹೋಗುತ್ತೆ’ ಎನ್ನುತ್ತಾಳೆ, ಅವಳಿಗೆ ಸರಿಹೋಗಿದೆಯಲ್ಲ. ಆರನೇ ತಿಂಗಳಿನ ಜೊತೆಗಾತಿಯ ಕಥೆಗೆ ಇನ್ನೂ ಕೊನೆಯಿಲ್ಲ. ಅವಳೂ ನೀರಿನಲ್ಲೇ ಇದ್ದಾಳೆ. ಈ ಇಬ್ಬರೂ ನಿಜವಾಗಿ ಹಂಚಿಕೊಳ್ಳುವುದು ಮುಂದೇನೆಂದು ಗೊತ್ತಿಲ್ಲದಿರುವುದನ್ನು. ಒಬ್ಬಳೇ ಹೊತ್ತಾಗ ಅದು ಭಯ, ಇಬ್ಬರು ಹೊತ್ತಾಗ ಕಾಯುವಿಕೆ.

ಇನ್ನೊಂದು ಲಾಭವೂ ಇದೆ. ಒಂಟಿಯಾಗಿ ಅನುಭವಿಸಿದ್ದಕ್ಕೆ ಹೆಸರಿರುವುದಿಲ್ಲ. ಹೆಸರಿಲ್ಲದ್ದನ್ನು ನಾವು ನಮ್ಮದೇ ದೋಷ ಎಂದುಕೊಳ್ಳುತ್ತೇವೆ. ಮಿರಾಂಡಾ ಫ್ರಿಕರ್ ಎಂಬ ಚಿಂತಕಿ 2007ರ ತಮ್ಮ ಪುಸ್ತಕದಲ್ಲಿ ಇದನ್ನು ಅರಿವಿನ ಅನ್ಯಾಯಗಳಲ್ಲಿ ಒಂದು ಎಂದು ಗುರುತಿಸುತ್ತಾರೆ. ಅವರು ಕೊಡುವ ಉದಾಹರಣೆ ಅಮೆರಿಕದ ವೆಂಡಿ ಸ್ಯಾನ್‌ಫೋರ್ಡ್ ಅವರದು. ಹೆರಿಗೆಯ ನಂತರ ಕುಗ್ಗಿಹೋಗಿ, ಅದು ತನ್ನ ಕೊರತೆಯೆಂದೇ ತಿಳಿದಿದ್ದ ಆಕೆಯನ್ನು ಗೆಳತಿಯೊಬ್ಬಳು ಹೆಂಗಸರ ಒಂದು ಗುಂಪಿಗೆ ಕರೆದೊಯ್ದಳು. ಅಲ್ಲಿ ಮುಕ್ಕಾಲು ಗಂಟೆಯ ಮಾತಿನಲ್ಲಿ ತನಗಾಗಿದ್ದಕ್ಕೆ ಒಂದು ಹೆಸರಿದೆ, ಅದು ಇತರರಿಗೂ ಆಗುತ್ತದೆ ಎಂದು ಆಕೆಗೆ ಗೊತ್ತಾಯಿತು. ಕನ್ನಡ ಓದುಗರಿಗೆ ಇದರ ಇನ್ನೊಂದು ಮುಖ ತ್ರಿವೇಣಿಯವರ ‘ಶರಪಂಜರ’ದಿಂದ ಗೊತ್ತು. ಅದರ ಕಾವೇರಿಗೆ ಅಂಥ ಗುಂಪು ಸಿಗಲಿಲ್ಲ. ಬಾಣಂತನದಲ್ಲಿ ಕೆಟ್ಟ ಮನಸ್ಸು ಗುಣವಾಗಿ ಮನೆಗೆ ಬಂದರೂ ಅವಳಿಗೆ ಸಿಕ್ಕಿದ್ದು ಒಂದೇ ಹೆಸರು, ಹುಚ್ಚಿ. ‘ನನಗೂ ಹಾಗೇ ಆಗಿತ್ತು’ ಎನ್ನುವ ಒಬ್ಬಳು ಆ ಬೀದಿಯಲ್ಲಿ ಇದ್ದಿದ್ದರೆ ಎಂದು ಆ ಕಾದಂಬರಿ ಓದಿದ ಯಾರಿಗೂ ಅನ್ನಿಸದೆ ಇರಲಾರದು.

ಇಷ್ಟಾದ ಮೇಲೂ ಆ ಮಾತನ್ನು ಪೂರ್ತಿ ಹೊಗಳಲಾಗದು. ಬೆಂಚಿನ ಮೇಲೆ ಒಬ್ಬಳು, ‘ಕಾಲು ಊದಿದೆ, ನಿನ್ನೆಯಿಂದ ತಲೆ ಸಿಡೀತಾ ಇದೆ’ ಎನ್ನುತ್ತಾಳೆ. ಪಕ್ಕದವಳು ಪ್ರೀತಿಯಿಂದಲೇ, ‘ನಂಗೂ ಊದಿತ್ತು ಕಣಕ್ಕಾ, ಏನಾಗಲ್ಲ ಬಿಡಿ’ ಎನ್ನುತ್ತಾಳೆ. ಬಸುರಿನಲ್ಲಿ ಪಾದ ಊದುವುದು ಸಾಮಾನ್ಯ. ಆದರೆ 20 ವಾರ ದಾಟಿದ ಮೇಲೆ ಬಿಪಿ ಏರಿ, ಮುಖ ಕೈ ಊದಿ, ಬಿಡದೆ ತಲೆ ನೋಯುತ್ತಾ ಕಣ್ಣು ಮಂಜಾದರೆ ಅದು ಪ್ರೀ-ಎಕ್ಲಾಂಪ್ಸಿಯಾ ಇರಬಹುದು, ತಾಯಿ ಮಗು ಇಬ್ಬರನ್ನೂ ತೆಗೆದುಕೊಂಡು ಹೋಗಬಲ್ಲದು. ಅಂಥ ಹೊತ್ತಿನಲ್ಲಿ ಸಮಾಧಾನದ ಒಂದು ಮಾತು ಅವಳನ್ನು ಡಾಕ್ಟರ ಕೋಣೆಯ ಬದಲು ಮನೆಗೆ ಕಳಿಸಿಬಿಡಬಹುದು.

ಇಲ್ಲಿ ಒಂದು ಉಸಿರಿನಲ್ಲಿ ಬಂದ ಎರಡು ಮಾತುಗಳನ್ನು ಬಿಡಿಸಿ ನೋಡಬೇಕು. ‘ನನಗೂ ಊದಿತ್ತು’ ಎಂಬುದು ಸಾಕ್ಷಿ. ‘ಏನಾಗಲ್ಲ’ ಎಂಬುದು ವಾಗ್ದಾನ. ಮೊದಲನೆಯದನ್ನು ಹೇಳುವ ಹಕ್ಕು ಅವಳಿಗೆ ಪೂರ್ತಿಯಾಗಿ ಇದೆ, ಅದು ಅವಳ ಮೈಯಲ್ಲಿ ನಡೆದದ್ದು. ಎರಡನೆಯದು ಇನ್ನೊಬ್ಬಳ ಮೈಯ ನಾಳೆಯ ಬಗ್ಗೆ. ಅದನ್ನು ಕೊಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಮಾತಿನ ರೂಢಿಯಲ್ಲಿ ಇವೆರಡೂ ಅಂಟಿಕೊಂಡೇ ಬರುತ್ತವೆ. ದುಃಖದಲ್ಲಿರುವವರ ಮುಂದೆ ಸುಮ್ಮನಿರಲು ನಮಗೆ ಬರುವುದಿಲ್ಲ, ಅಭಯ ಕೊಡದಿದ್ದರೆ ಪ್ರೀತಿಯಿಲ್ಲವೇನೋ ಎಂಬ ಅಳುಕು. ಆದರೆ ಅಭಯಕ್ಕಿಂತ ಪ್ರಾಮಾಣಿಕವಾದ ಇನ್ನೊಂದು ಮಾತಿದೆ: ‘ಬನ್ನಿ ಅಕ್ಕಾ, ಸಿಸ್ಟರ್ ಹತ್ರ ಬಿಪಿ ನೋಡಿಸೋಣ, ನಾನೂ ಬರ್ತೀನಿ.’ ಇದರಲ್ಲಿ ಸುಳ್ಳಿಲ್ಲ, ಹೆದರಿಕೆ ಹುಟ್ಟಿಸುವುದೂ ಇಲ್ಲ. ಜೊತೆ ಇದೆ.

ಕೇಡಿನ ಇನ್ನೊಂದು ಬಾಗಿಲು ಹೋಲಿಕೆ. ಮಗು ಮೊದಲ ಸಲ ಮಿಸುಕಿದ್ದನ್ನು ಹೇಳಿಕೊಳ್ಳದೆ ಇರುವುದು ಯಾರಿಗೂ ಸಾಧ್ಯವಿಲ್ಲ. ಮೀನು ಹೊರಳಿದ ಹಾಗೆ ಎನ್ನುತ್ತಾಳೆ ಒಬ್ಬಳು, ನೀರಿನ ಗುಳ್ಳೆ ಒಡೆದ ಹಾಗೆ ಎನ್ನುತ್ತಾಳೆ ಇನ್ನೊಬ್ಬಳು. ಚೊಚ್ಚಲಿನವರಿಗೆ ಇದು ಸಾಮಾನ್ಯವಾಗಿ 18ರಿಂದ 20 ವಾರಗಳ ಹೊತ್ತಿಗೆ ತಿಳಿಯುತ್ತದೆ. ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿದ್ದರೆ ಇನ್ನೂ ತಡವಾಗಬಹುದು. ‘ನಂಗೆ ನಾಲ್ಕೂವರೆ ತಿಂಗಳಿಗೇ ಗೊತ್ತಾಯ್ತು. ನಿಮಗಿನ್ನೂ ಇಲ್ವಾ?’ ಎಂಬ ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಕೇಳಿಸಿಕೊಂಡವಳು ಅಂದು ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುತ್ತಾಳೆ. ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು ಎಂಬ ಲೆಕ್ಕವೂ ಅದೇ ಬೆಂಚಿನಲ್ಲಿ ನಡೆಯುತ್ತದೆ. ಭ್ರೂಣದ ಲಿಂಗ ತಿಳಿಸುವುದನ್ನು 1994ರ ಕಾನೂನು ನಿಷೇಧಿಸಿದೆ, ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೂ ಆ ಫಲಕವಿದೆ. ಫಲಕದ ಕೆಳಗೇ ಕೂತು ನಾವು ಊಹೆ ಮಾಡುತ್ತೇವೆ. ಇಬ್ಬರು ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವಳು ತನ್ನ ಅಗಲವಾದ ಹೊಟ್ಟೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಹಂಚಿಕೊಂಡ ಮಾತು ಒಬ್ಬರ ಅನುಭವವಾಗಿ ಉಳಿಯದೆ ಇನ್ನೊಬ್ಬರ ಅಳತೆಗೋಲಾದಾಗ ಹೀಗಾಗುತ್ತದೆ. ‘ನನಗೆ’ ಎಂದು ಶುರುವಾದ ವಾಕ್ಯ ‘ನನಗೆ’ಯಲ್ಲೇ ಮುಗಿದರೆ ಕೇಳುವವಳಿಗೆ ತನ್ನದನ್ನು ಹೇಳಲು ಜಾಗ ಉಳಿಯುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇದೆ. ಇದೇ ನಡುವಿನ ತಿಂಗಳುಗಳಲ್ಲಿ, 18ರಿಂದ 20 ವಾರಗಳ ಸುಮಾರಿಗೆ, ಮಗುವಿನ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಆಗುತ್ತದೆ. ಹೆಚ್ಚಿನವರು ನಗುತ್ತಾ ಹೊರಗೆ ಬರುತ್ತಾರೆ. ಯಾರೋ ಒಬ್ಬಳಿಗೆ ಒಳಗೇ ಕೂರಲು ಹೇಳುತ್ತಾರೆ, ಗಂಡನನ್ನು ಕರೆಸುತ್ತಾರೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಭ್ರೂಣಕ್ಕೆ ಗಂಭೀರ ನ್ಯೂನತೆಯಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರಗಳ ನಂತರವೂ ಅವಕಾಶವಿದೆ. ಕಾನೂನು ಒಂದು ದಾರಿಯನ್ನು ತೆರೆದಿಡಬಹುದು, ಆ ದಾರಿಯಲ್ಲಿ ನಡೆಯಬೇಕೋ ಬೇಡವೋ ಎಂಬುದನ್ನು ಅವಳೇ ಹೊರಬೇಕು. ಅವಳಿಗೆ ‘ನನಗೂ ಹಾಗೇ’ ಎನ್ನುವವರು ಬೆಂಚಿನಲ್ಲಿ ಯಾರೂ ಇಲ್ಲ. ಮುಂದಿನ 9ನೇ ತಾರೀಖು ಅವಳು ಬರುವುದಿಲ್ಲ. ಯಾರೂ ಕೇಳುವುದೂ ಇಲ್ಲ, ಕೇಳಿದರೆ ಆ ಸುದ್ದಿ ತಮ್ಮ ಹೊಟ್ಟೆಗೂ ತಾಗೀತು ಎಂಬ ಅಳುಕು.

ಈ ಅಳುಕು ಹೊಸದಲ್ಲ. ನಮ್ಮ ಸೀಮಂತದ ಮನೆಯಲ್ಲಿ, ಬಯಲುಸೀಮೆಯ ಕುಬುಸದ ಮನೆಯಲ್ಲಿ, ಬಳೆ ತೊಡಿಸಲು ಯಾರನ್ನು ಕರೆಯುತ್ತಾರೆ, ಯಾರನ್ನು ಮೆಲ್ಲಗೆ ಬಿಡುತ್ತಾರೆ ಎಂದು ನೆನಪಿಸಿಕೊಳ್ಳಿ. ಮಕ್ಕಳಾಗದವಳು, ಮಗುವನ್ನು ಕಳೆದುಕೊಂಡವಳು, ವಿಧವೆ, ಇವರು ಎಷ್ಟೋ ಮನೆಗಳಲ್ಲಿ ಅಡುಗೆಮನೆಯಿಂದ ಮುಂದೆ ಬರುವುದಿಲ್ಲ. ಸಂಭ್ರಮದ ವೃತ್ತ ನೋವನ್ನು ಹೊರಗಿಟ್ಟೇ ಪೂರ್ಣವಾಗುತ್ತದೆ. ಆಸ್ಪತ್ರೆಯ ಬೆಂಚಿಗೆ ಆ ಕಟ್ಟುಪಾಡಿಲ್ಲ. ಅಲ್ಲಿ ಯಾರನ್ನೂ ಯಾರೂ ಆಹ್ವಾನಿಸಿಲ್ಲ, ಹಾಗಾಗಿ ಯಾರನ್ನೂ ಹೊರಗಿಡುವ ಹಕ್ಕೂ ಯಾರಿಗೂ ಇಲ್ಲ. ಅಳುಕು ಮಾತ್ರ ಹಳೆಯ ವೃತ್ತದಿಂದ ಎದ್ದು ಬಂದು ಇಲ್ಲಿಯೂ ಕೂರುತ್ತದೆ.

ಹಾಗೆಂದು ಮಗು ಮಿಸುಕಿದ ಸಂತೋಷವನ್ನು ಬಾಯಿ ಬಿಡದೆ ನುಂಗಬೇಕೆ? ಬೇಡ. ಒಬ್ಬಳ ದುಃಖಕ್ಕೆ ಹೆದರಿ ಎಲ್ಲರೂ ಮೌನವಾದರೆ ಕಬ್ಬಿಣದ ಮಾತ್ರೆ ಮತ್ತೆ ಸೀರೆಯ ಕೆಳಗೆ ಹೋಗುತ್ತದೆ. ಸಂತೋಷವನ್ನು ಹೇಳಬೇಕು, ಸೆಳೆತವನ್ನು ಹೇಳಬೇಕು, ಕೂಡದ ಹುಕ್ಕನ್ನೂ ಹೇಳಬೇಕು. ಹೇಳುವಾಗ ಅದು ತನ್ನದು ಎಂಬ ನೆನಪಿದ್ದರೆ ಸಾಕು. ‘ನನಗೂ ಹಾಗೇ’ ಎಂದು ಹೇಳಲಾಗದ ಕಡೆ ಜೊತೆ ಮುಗಿಯಬೇಕಿಲ್ಲ. ಅಲ್ಲಿ ‘ನನಗೆ ಹಾಗಾಗಿಲ್ಲ, ಆದರೂ ಕೂತಿರ್ತೀನಿ’ ಎನ್ನಬಹುದು. ಬರದೇ ಹೋದವಳ ಗುಟ್ಟನ್ನು ಯಾರೂ ಕೆದಕಬೇಕಾಗಿಲ್ಲ. ಅವಳ ಊರಿಗೆ ಹೋಗುವ ಆಶಾ ಕಾರ್ಯಕರ್ತೆಗೆ, ‘ಅವರು ಸಿಕ್ಕರೆ, ಹೋದ ತಿಂಗಳು ಪಕ್ಕದಲ್ಲಿ ಕೂತಿದ್ದವಳು ಕೇಳಿದಳು ಅಂತ ಹೇಳಿ ಅಕ್ಕಾ’ ಎಂದು ಹೇಳಿ ಕಳಿಸಿದರೂ ಸಾಕು.