ಮನೆಗೆ ಬಾರದ ಮುಳ್ಳು

2012ರ ಬೇಸಿಗೆ. ಯಾದಗಿರಿ ಜಿಲ್ಲೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಶಹಾಪುರದ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ ನಾನೂ ಇದ್ದೆ. ಗಡಿಯಾರದಂಥ ತಕ್ಕಡಿಯನ್ನು ತೊಲೆಗೆ ತೂಗುಹಾಕಿ, ಅದರ ಕೊಕ್ಕೆಗೆ ಬಟ್ಟೆಯ ಚಡ್ಡಿ ಸಿಕ್ಕಿಸಿ, ಅದರೊಳಗೆ ಕೂಸನ್ನು ಕೂಡಿಸುವುದು. ಕಾರ್ಯಕರ್ತೆ ಓದಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ.

ಕೂಸು ಕಾಲು ಬಡಿದರೆ ಮುಳ್ಳು ಕುಣಿಯುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಈ ತಪ್ಪಿಗೆ ಅಷ್ಟು ಹೆದರಬೇಕಿಲ್ಲ. ಎರಡೂ ಕಡೆ ವಾಲುವ ತಪ್ಪು ಅದು. ಮೂರು ಸಲ ತೂಗಿ ಸರಾಸರಿ ತೆಗೆದರೆ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ನಾವೂ ಹಾಗೇ ಮಾಡಿದೆವು. ವರ್ಷ ತುಂಬಿದ ಒಂದು ಹೆಣ್ಣುಕೂಸು 7.3 ಕಿಲೋ ತೂಗಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ಆ ವಯಸ್ಸಿನ ಹುಡುಗಿ 7 ಕಿಲೋಗಿಂತ ಕೆಳಗಿಳಿದರೆ ಕಡಿಮೆ ತೂಕದವಳು. "ಪಾಸಾದ್ಲು ಬಿಡ್ರಿ" ಎಂದೆ.

ತಾಯಿ ಕೂಲಿಗೆ ಹೋಗಿದ್ದಳು. ಕೂಸನ್ನು ಸೊಂಟಕ್ಕೇರಿಸಿಕೊಂಡ ಅಜ್ಜಿ ಮಾತ್ರ ತಕ್ಕಡಿಯನ್ನೇ ನೋಡುತ್ತ ನಿಂತಳು. "ಅಕ್ಕೋರೆ, ಕೂಸು ಇಳಿದ ಮ್ಯಾಲೂ ಮುಳ್ಳು ಮನಿಗಿ ಬರವಲ್ದಲ್ರಿ."

ಹೌದು. ಖಾಲಿ ಚಡ್ಡಿಯೇ ಅರ್ಧ ಕಿಲೋ ತೋರಿಸುತ್ತಿತ್ತು.

ಮೂರು ಸಲ ತೂಗಿದ್ದೆವಲ್ಲ! ಮೂರು ಸಲವೂ ಅದೇ ಅರ್ಧ ಕಿಲೋ ಸೇರಿತ್ತು. ಒಂದೇ ಕಡೆ ವಾಲುವ ತಪ್ಪು ನೂರು ಸಲ ತೂಗಿದರೂ ತಗ್ಗುವುದಿಲ್ಲ, ಬದಲಿಗೆ ನಮ್ಮ ಧೈರ್ಯ ಹೆಚ್ಚಿಸುತ್ತದೆ. ಅದಕ್ಕೆ ಮದ್ದು ಹೊರಗಿನಿಂದಲೇ ಬರಬೇಕು. ಪ್ರತಿ ಕೂಸಿಗೂ ಮೊದಲು ಖಾಲಿ ತಕ್ಕಡಿ ನೋಡಬೇಕು, ಅಂಗಡಿಯಿಂದ ಮುದ್ರೆ ಬಿದ್ದ ಕಿಲೋ ಕಲ್ಲು ತಂದು ತೂಗುಹಾಕಿ ನೋಡಬೇಕು. ಅಂದಿನ ಪುಟವನ್ನೇನೋ ಅರ್ಧ ಕಿಲೋ ಕಳೆದು ತಿದ್ದಬಹುದು. ಹಿಂದಿನ ತಿಂಗಳುಗಳದ್ದು? ಮುಳ್ಳು ಯಾವಾಗ ಜಾರಿತೆಂದು ಯಾರಿಗೆ ಗೊತ್ತು?

ಯಾರೂ ಸುಳ್ಳು ಹೇಳಿರಲಿಲ್ಲ. ಹಾಗಾದರೆ ತಪ್ಪು ಯಾರದೂ ಅಲ್ಲವೇ? ಬಸ್ಸಿನಲ್ಲಿ ಬರುವಾಗ ನನ್ನನ್ನು ಕಾಡಿದ್ದು ಇದೇ. ಮುಳ್ಳು ಅರ್ಧ ಕಿಲೋ ಕಡಿಮೆ ತೋರಿಸಿದ್ದರೆ, ಗುಂಡುಗುಂಡಾದ ಮಕ್ಕಳೂ ಸೊರಗಿದವರೆಂದು ಬಂದಿದ್ದರೆ, ಎರಡನೆಯ ಕೂಸಿಗೇ ನಾವು ತಕ್ಕಡಿ ಬಿಚ್ಚಿ ನೋಡುತ್ತಿದ್ದೆವು. ನಮಗೆ ಬೇಕಾದದ್ದನ್ನೇ ಹೇಳಿತು, ಅದಕ್ಕೇ ನಂಬಿದೆವು. ಹಳೆಯ ಬಂಗಾರ ಮಾರುವಾಗ ಸರಾಫರ ಅಂಗಡಿಯಲ್ಲಿ ಫ್ಯಾನು ಆರಿಸಲು ಹೇಳುವವರು ನಾವೇ. ಸಂತೆಯ ತಕ್ಕಡಿ ನಮ್ಮ ಚೀಲದ ಕಡೆ ವಾಲಿದರೆ ಸುಮ್ಮನಿರುವವರೂ ನಾವೇ. ಇನ್ನು ಸೊಸೆ ಎದ್ದ ಹೊತ್ತನ್ನೂ ಮಗಳು ಎದ್ದ ಹೊತ್ತನ್ನೂ ಒಂದೇ ಗಡಿಯಾರದಲ್ಲಿ ನೋಡುವ ಮನೆ ಎಷ್ಟಿದ್ದಾವು, ನೀವೇ ಹೇಳಿ.

ಆ ದಿನ ತಿರುಪು ತಿರುವಿ ಮುಳ್ಳನ್ನು ಸೊನ್ನೆಗೆ ತಂದು, ಮನೆಗೆ ಹೋದವರನ್ನೂ ಕರೆಸಿ ಎಲ್ಲರನ್ನೂ ಮತ್ತೆ ತೂಗಿದೆವು. ಅಜ್ಜಿಯ ಕೂಸು 6.8.

"ಈಗ ಪಾಸೇನ್ರಿ?" ಎಂದು ಅಜ್ಜಿ ಕೇಳಿದಳು. ನಾನು ತಲೆಯೆತ್ತದೆ ಹಳೆಯ ಅಂಕಿ ಹೊಡೆದುಹಾಕಿ ಹೊಸದನ್ನು ಬರೆದೆ.