ಉಪಯೋಗವೇನು ಎಂದು ಕೇಳದ ಕೊಡುಗೆ

ನಿಮ್ಮ ಕೈಯಲ್ಲಿ ಒಂದು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಮನೆಯ ಖರ್ಚೆಲ್ಲ ಕಳೆದ ಮೇಲೆ ಯಾರಿಗಾದರೂ ಕೊಡಬೇಕೆಂದು ನೀವು ತೆಗೆದಿರಿಸಿದ ಹಣ ಅದು. ಸಂಜೆಯ ಹೊತ್ತಿಗೆ ಇಬ್ಬರು ನಿಮ್ಮ ಬಾಗಿಲಿಗೆ ಬರುತ್ತಾರೆ. ಒಬ್ಬಾಕೆ ಮಗುವಿನ ಔಷಧಿಗಾಗಿ ಸಹಾಯ ಬೇಡುತ್ತಾಳೆ. ಇನ್ನೊಬ್ಬ ನಿಮ್ಮ ಬೀದಿಯದೇ ಹುಡುಗ. ಊರಿನ ಅಜ್ಜಿಯರು ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಿ, ಬಸ್ಸಿಗಾಗಿ ಕಾಯುವವರಿಗೆ ನಿಲ್ದಾಣದಲ್ಲಿ ಕೇಳಿಸಬೇಕೆಂಬ ವಿಚಿತ್ರ ಆಸೆ ಅವನದು. ಯಾರಿಗೆ ಕೊಡುವಿರಿ?

ಇದೂ ಒಂದು ಪ್ರಶ್ನೆಯೇ ಎನ್ನುವಿರಿ. ಔಷಧಿಗೇ ಕೊಡಬೇಕು, ನಿಮ್ಮ ಉತ್ತರ ಸರಿಯಾದದ್ದೇ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಲೋಕದಲ್ಲಿ ಔಷಧಿಯ ಅಗತ್ಯವಿಲ್ಲದ ದಿನವೆಂಬುದು ಇಲ್ಲ. ಹಾಗಿರುವಾಗ ಆ ಹುಡುಗನ ಸರದಿ ಎಂದಿಗೂ ಬರಬಾರದೇ? ಹಸಿವು ಇರುವ ತನಕ ಹಾಡಿಗೆ, ಬಣ್ಣಕ್ಕೆ, ಆಟಕ್ಕೆ ಕೊಟ್ಟ ಹಣವೆಲ್ಲ ಹಸಿದವರಿಂದ ಕಸಿದ ಹಣವೇ? ಈ ಲೇಖನದಲ್ಲಿ ನಾವು ಚಿಂತಿಸಬೇಕಾದ ಪ್ರಶ್ನೆ ಇದು.

ಈ ಪ್ರಶ್ನೆಗೆ ಮಾತಿನಿಂದಲ್ಲ, ಕಾರ್ಯದಿಂದ ಉತ್ತರಿಸಲು ಹೊರಟವರ ಎರಡು ನಿದರ್ಶನಗಳನ್ನು ನೋಡೋಣ. ಎರಡೂ ಅಮೆರಿಕ ದೇಶದವು.

ಮೊದಲನೆಯದು ಬಾಸ್ಟನ್ ನಗರದ್ದು. 2009ರಲ್ಲಿ ಅಲ್ಲಿ ಟಿಮ್ ಹ್ವಾಂಗ್ ಎಂಬ ಯುವಕ ಮತ್ತು ಸ್ನೇಹಿತರು ಸೇರಿ ಒಂದು ಸರಳ ಏರ್ಪಾಡು ಮಾಡಿಕೊಂಡರು. ಹತ್ತು ಮಂದಿ ತಿಂಗಳಿಗೆ ತಲಾ 100 ಡಾಲರ್ ತಮ್ಮ ಸ್ವಂತ ಜೇಬಿನಿಂದ ಹಾಕಬೇಕು. ಒಟ್ಟುಗೂಡಿದ 1000 ಡಾಲರನ್ನು ಯಾರಾದರೂ ಒಬ್ಬರ ಒಂದು ಸೊಗಸಾದ ಕಲ್ಪನೆಗೆ ಕೊಟ್ಟುಬಿಡಬೇಕು. ಕೊಟ್ಟ ಮೇಲೆ ಷರತ್ತಿಲ್ಲ, ಪಾಲು ಕೇಳುವುದಿಲ್ಲ, ಒಡೆತನ ಸಾಧಿಸುವುದಿಲ್ಲ. ಇದಕ್ಕೆ ‘ಆಸಮ್ ಫೌಂಡೇಶನ್’ ಎಂದು ಹೆಸರಿಟ್ಟರು. ‘ಅದ್ಭುತ’ ಎಂದು ಉದ್ಗರಿಸುವಾಗ ಅಲ್ಲಿನ ಯುವಜನರು ಬಳಸುವ ಮಾತು ಅದು. ಅವರ ಮೊದಲ ಕೊಡುಗೆ ಯಾವುದಕ್ಕೆ ಸಂದಿತು ಗೊತ್ತೇ? ಸಾರ್ವಜನಿಕ ಸ್ಥಳದಲ್ಲಿ ಹಲವರು ಒಟ್ಟಿಗೆ ಕುಳಿತು ಮಲಗಬಹುದಾದ ಒಂದು ಬೃಹತ್ ಜೋಲಿಗೆ! ಆಸ್ಪತ್ರೆಯಲ್ಲ, ಶಾಲೆಯಲ್ಲ, ಜೋಲಿ. ಅಪರಿಚಿತರು ಪಕ್ಕಪಕ್ಕದಲ್ಲಿ ಒರಗಿ ಆಕಾಶ ನೋಡಲೆಂದು ಒಂದು ಜೋಲಿ. ಮುಂದೆ ಇದೇ ಪದ್ಧತಿಯ ಗುಂಪುಗಳು ಲೋಕದ ಅನೇಕ ನಗರಗಳಲ್ಲಿ ಹುಟ್ಟಿಕೊಂಡವು. ಯಾರಿಗೆ ಕೊಡಬೇಕೆಂಬುದನ್ನು ಪ್ರತಿಯೊಂದು ಗುಂಪೂ ತಾನೇ ತೀರ್ಮಾನಿಸುತ್ತದೆ.

ಎರಡನೆಯದು ಡೆಟ್ರಾಯಿಟ್ ನಗರದ್ದು. ಒಂದು ಕಾಲಕ್ಕೆ ಮೋಟಾರು ಕಾರುಗಳ ರಾಜಧಾನಿಯಾಗಿದ್ದ ಊರು ಅದು. 1950ರಲ್ಲಿ ಅಲ್ಲಿ ಸುಮಾರು ಹದಿನೆಂಟೂವರೆ ಲಕ್ಷ ಜನರಿದ್ದರು. 2010ರ ಹೊತ್ತಿಗೆ ಉಳಿದವರು ಸುಮಾರು ಏಳು ಲಕ್ಷ. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಸಲ್ಲಿಸಿತು. ಆ ದಿನಗಳಲ್ಲಿ ಅಲ್ಲಿನ ಬೀದಿದೀಪಗಳ ಪೈಕಿ ನೂರಕ್ಕೆ ನಲವತ್ತರಷ್ಟು ಉರಿಯುತ್ತಿರಲಿಲ್ಲ. ಇಂಥ ಊರಿನಲ್ಲಿ 2010ರಲ್ಲಿ ‘ಡೆಟ್ರಾಯಿಟ್ ಸೂಪ್’ ಎಂಬ ಭೋಜನಕೂಟ ಪ್ರಾರಂಭವಾಯಿತು. ಬಾಗಿಲಲ್ಲಿ ಐದು ಡಾಲರ್ ಕೊಟ್ಟವರಿಗೆ ಸೂಪು, ಸೊಪ್ಪು ತರಕಾರಿ, ರೊಟ್ಟಿಯ ಸಾದಾ ಊಟ. ಊಟಕ್ಕೆ ಮುಂಚೆ ನಾಲ್ವರು ಎದ್ದುನಿಂತು, ಒಬ್ಬೊಬ್ಬರೂ ನಾಲ್ಕು ನಿಮಿಷ, ತಮ್ಮ ಊರಿಗಾಗಿ ತಾವು ಮಾಡಬೇಕೆಂದಿರುವ ಕೆಲಸವನ್ನು ವಿವರಿಸುತ್ತಿದ್ದರು. ಬಳಿಕ ಜನರು ಒಟ್ಟಿಗೆ ಉಣ್ಣುತ್ತ ಮಾತನಾಡಿಕೊಂಡು ಮತ ಹಾಕುತ್ತಿದ್ದರು. ಹೆಚ್ಚು ಮತ ಪಡೆದವರು ಬಾಗಿಲಲ್ಲಿ ಸೇರಿದ ಹಣವನ್ನು ಅಂದೇ ಕೊಂಡೊಯ್ಯುತ್ತಿದ್ದರು.

ಬಾಸ್ಟನ್ನಿನ ಜೋಲಿಯ ಕಥೆ ಕೇಳಿ, ಇದು ಹೊಟ್ಟೆ ತುಂಬಿದವರ ಆಟ ಎಂದು ನಿಮಗೆ ಅನ್ನಿಸಿರಬಹುದು. ಡೆಟ್ರಾಯಿಟ್ ಆ ಮಾತನ್ನು ಸ್ವಲ್ಪ ತಡೆಯುತ್ತದೆ. ಬೀದಿದೀಪವೇ ಆರಿಹೋದ ಊರಿನ ಜನರು ಐದೈದು ಡಾಲರ್ ಕೂಡಿಸಿ ನೆರೆಯವನ ಕನಸಿಗೆ ಕೊಟ್ಟದ್ದು ಹೊಟ್ಟೆ ತುಂಬಿದ್ದರಿಂದಲ್ಲ. ಊರು ಇನ್ನೂ ತಮ್ಮದೇ ಎಂದು ಹೇಳುವ ದಾರಿಯೊಂದು ಅವರಿಗೆ ಬೇಕಾಗಿತ್ತು.

ಆದರೂ ಮೂಲ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಆ ಆಕ್ಷೇಪ ನಮಗೆ ಹೊಸದಲ್ಲ. ಬೆಥಾನಿಯದಲ್ಲಿ ಒಬ್ಬ ಸ್ತ್ರೀ ಬೆಲೆಬಾಳುವ ಸುಗಂಧ ತೈಲವನ್ನು ಪ್ರಭುವಿನ ಮೇಲೆ ಸುರಿದಾಗ ಅಲ್ಲಿದ್ದವರು ಗೊಣಗಿದ್ದು ಇದನ್ನೇ. ಮುನ್ನೂರು ದಿನಾರಿಗೂ ಹೆಚ್ಚು ಬೆಲೆಯ ತೈಲ ಅದು. ಅಂದರೆ ಒಬ್ಬ ಕೂಲಿಯಾಳಿನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಅದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲ! ಸಂತ ಯೊವಾನ್ನರ ಶುಭಸಂದೇಶದಲ್ಲಿ ಹೀಗೆಂದವನು ಹಣದ ಚೀಲಕ್ಕೆ ಕೈಹಾಕುತ್ತಿದ್ದ ಯೂದ. ಆದರೆ ಸಂತ ಮಾರ್ಕನ ಶುಭಸಂದೇಶದಲ್ಲಿ ಇದನ್ನು ಆಡಿದವರು ಅಲ್ಲಿದ್ದ ಕೆಲವರು. ಅವರನ್ನು ಕಪಟಿಗಳೆನ್ನಲು ಕಾರಣವಿಲ್ಲ. ಅವರ ಸಂಕಟ ಪ್ರಾಮಾಣಿಕವಾದದ್ದೇ ಇರಬೇಕು. ಪ್ರಭು ಆ ಸ್ತ್ರೀಯ ಪರವಾಗಿ ನಿಂತರು. ಬಡವರು ಸದಾ ನಿಮ್ಮೊಡನೆ ಇರುವರೆಂದು ನೆನಪಿಸಿದರು. ಈ ಮಾತನ್ನು ಕೈಕಟ್ಟಿ ಕೂರುವುದಕ್ಕೆ ನೆಪವಾಗಿ ಬಳಸಿದವರು ಅನೇಕರು. ಆದರೆ ಆ ಮಾತಿನ ಬೇರು ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯದಲ್ಲಿದೆ. ಅಲ್ಲಿ ಅದರ ಬೆನ್ನಿಗೇ ಬರುವುದು, ಬಡ ಸಹೋದರನಿಗಾಗಿ ಕೈಬಿಚ್ಚಬೇಕೆಂಬ ಆಜ್ಞೆ. ಹಾಗಾದರೆ ತೈಲ ಬೇಕೋ ರೊಟ್ಟಿ ಬೇಕೋ ಎಂಬ ಆಯ್ಕೆಯನ್ನು ಆ ಪ್ರಸಂಗ ನಮ್ಮ ಮುಂದಿಡುವುದಿಲ್ಲ. ರೊಟ್ಟಿ ಕೊಡುವುದು ನಿತ್ಯದ ಕರ್ತವ್ಯ. ಅದರ ಹೆಸರು ಹೇಳಿ ತೈಲ ಸುರಿದವಳನ್ನು ನಿಂದಿಸಬೇಡಿ ಎನ್ನುತ್ತದೆ.

ಇಲ್ಲಿ ಒಂದು ವಿವೇಚನೆ ನಮಗೆ ನೆರವಾಗುತ್ತದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ನ್ಯಾಯಕ್ಕೂ ಔದಾರ್ಯಕ್ಕೂ ಇರುವ ಭೇದವನ್ನು ಬಿಡಿಸಿ ತೋರಿಸಿದ್ದಾರೆ. ಇನ್ನೊಬ್ಬನಿಗೆ ಸಲ್ಲಬೇಕಾದ್ದನ್ನು ಅವನಿಗೆ ಸಲ್ಲಿಸುವುದು ನ್ಯಾಯ; ನಮ್ಮದನ್ನು ನಾವು ಕೊಡುವುದು ಔದಾರ್ಯ. ಕೆಲಸದಾಕೆಯ ಸಂಬಳ, ಕೂಲಿಯವನ ಬಾಕಿ, ವೃದ್ಧ ತಂದೆತಾಯಿಯರ ಔಷಧಿ ಇವೆಲ್ಲ ನಮ್ಮ ಮೇಲಿನ ಋಣ. ಅದನ್ನು ತೀರಿಸದೆ ಕಲೆಗೆ ಕೊಡುಗೆ ನೀಡುವವನು ಉದಾರಿಯಲ್ಲ. ಪರರ ಹಣದಲ್ಲಿ ಹೆಸರು ಗಳಿಸುವವನು. ಹಾಗೆಯೇ ಸರ್ಕಾರ ಹಚ್ಚಬೇಕಾದ ಬೀದಿದೀಪವನ್ನು ಐದು ಡಾಲರಿನ ಊಟ ಹಚ್ಚಲಾರದು, ಹಚ್ಚುವೆನೆಂದು ನಂಬಿಸಲೂ ಬಾರದು. ಆದರೆ ಋಣ ಸಂದಾಯವಾದ ಮೇಲೆ ಉಳಿಯುವ ಅಲ್ಪಸ್ವಲ್ಪವಿದೆಯಲ್ಲ, ನಮ್ಮಲ್ಲಿ ಅನೇಕರು ಅದನ್ನು ಹೋಟೆಲಿನ ಊಟಕ್ಕೋ ಹೊಸ ಮೊಬೈಲಿಗೋ ವ್ಯಯಿಸುತ್ತೇವೆ. ಆಗ ಬಡವರ ನೆನಪು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಬೀದಿಯ ಹುಡುಗ ಬಾಗಿಲಿಗೆ ಬಂದಾಗ ಮಾತ್ರ ಅದು ಥಟ್ಟನೆ ಬರುತ್ತದೆ! ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಅಕ್ವಿನಾಸರು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು. ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾಗುವಂತೆ ದಣಿದ ಮನಸ್ಸಿಗೂ ವಿಶ್ರಾಂತಿ ಬೇಕು, ಅದು ಆಟದಿಂದಲೂ ವಿನೋದದಿಂದಲೂ ದೊರೆಯುತ್ತದೆ ಎಂಬುದು ಅವರ ಅಭಿಪ್ರಾಯ. ಈ ಅಗತ್ಯ ಸಿರಿವಂತರಿಗೆ ಮಾತ್ರ ಇರುವುದೇ? ಬಡವನಿಗೆ ಅಕ್ಕಿ ಸಾಕು, ಹಾಡು ಬೇಡ ಎಂದು ತೀರ್ಮಾನಿಸಲು ನಾವು ಯಾರು? ಬೀಸುವ ಪದಗಳು ಹುಟ್ಟಿದ್ದೇ ರಾಗಿ ಬೀಸುವ ಬಡ ಹೆಂಗಸರ ಬಾಯಲ್ಲಿ, ನಸುಕಿನ ಹೊತ್ತಿನಲ್ಲಿ, ರಟ್ಟೆ ನೋಯುತ್ತಿರುವಾಗ. ಅವರು ಹೊಟ್ಟೆ ತುಂಬಿದ ಮೇಲೆ ಹಾಡೋಣವೆಂದು ಕಾದಿದ್ದರೆ ನಮ್ಮ ಜನಪದವೇ ಇರುತ್ತಿರಲಿಲ್ಲ.

ಇನ್ನು ಕೊಡುವ ರೀತಿಯ ವಿಚಾರ. ನಮ್ಮಲ್ಲಿ ‘ಮುಯ್ಯಿ’ ಎಂಬ ಪದ್ಧತಿ ಇದೆ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೇ ಹಿಂದಿರುಗಿಸುತ್ತೇವೆ. ಅದು ಕೆಟ್ಟದ್ದೇನಲ್ಲ, ಎಷ್ಟೋ ಸಂಸಾರಗಳನ್ನು ಕಷ್ಟಕಾಲದಲ್ಲಿ ಎತ್ತಿಹಿಡಿದಿದೆ. ಆದರೆ ದಾನದೊಳಕ್ಕೂ ಮುಯ್ಯಿಯ ಮನಸ್ಸು ನುಸುಳಿದಾಗ ತೊಡಕು. ಕೊಟ್ಟ ಬೆಂಚಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು; ಹೆಸರಿನ ಅಕ್ಷರಗಳೇ ಬೆಳಕನ್ನು ಮರೆಮಾಡಿರುವುದನ್ನು ನೀವೂ ನೋಡಿರುತ್ತೀರಿ. ಹೆಸರು ಬೇಡವೆನ್ನುವ ದಾನಿಗೂ ಇನ್ನೊಂದು ಆಸೆ ಇರುತ್ತದೆ: ತಾನು ಹೇಳಿದಂತೆಯೇ ಆಗಬೇಕು, ಗೆದ್ದೇ ಗೆಲ್ಲಬೇಕು, ತನಗೆ ಲೆಕ್ಕ ಒಪ್ಪಿಸಬೇಕು. ದೊಡ್ಡ ಮೊತ್ತಕ್ಕೆ, ಸಾರ್ವಜನಿಕರ ಹಣಕ್ಕೆ ಲೆಕ್ಕಪತ್ರ ಬೇಕೇ ಬೇಕು. ನಮ್ಮ ಬೆಂಗಳೂರಿನಲ್ಲೇ 1993ರಲ್ಲಿ ಸ್ಥಾಪನೆಗೊಂಡು, 1995ರಿಂದ ಕಲಾವಿದರಿಗೂ ಸಂಶೋಧಕರಿಗೂ ಅನುದಾನ ನೀಡುತ್ತ ಬಂದಿರುವ ‘ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್’ ಸಂಸ್ಥೆ ಇದೆ. ಸ್ಥಳೀಯ ಕಲೆಗಳ ಮೂಲಕ ಪಾಠ ಕಲಿಸಬಯಸಿದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರಿಗೂ ಅದು ನೆರವು ಕೊಟ್ಟಿದೆ. ಅಂಥ ಸಂಸ್ಥೆ ಅರ್ಜಿಯನ್ನು ಪರಿಶೀಲಿಸಿಯೇ ಕೊಡಬೇಕಾಗುತ್ತದೆ. ಆದರೆ ಹತ್ತು ಮಂದಿಯ ಜೇಬಿನಿಂದ ಬಂದ ಸಣ್ಣ ಹಣಕ್ಕೆ ಬೇರೊಂದು ಸ್ವಾತಂತ್ರ್ಯವಿದೆ. ಆ ಪ್ರಯತ್ನ ಸೋತರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಸೋಲಿನ ಭಾರವನ್ನು ಕೊಟ್ಟವನೇ ಹೊರುತ್ತಾನೆ, ಪಡೆದವನಲ್ಲ. ‘ನಿನ್ನನ್ನು ನಂಬಿದ್ದೇನೆ’ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ.

ಈ ಪದ್ಧತಿಯ ದೋಷಗಳನ್ನೂ ಮುಚ್ಚಿಡಬಾರದು. ನಾಲ್ಕು ನಿಮಿಷದಲ್ಲಿ ಚೆನ್ನಾಗಿ ಮಾತನಾಡಬಲ್ಲವನಿಗೆ ಮತ ಬೀಳುತ್ತದೆ. ನಾಚಿಕೆಯ ಸ್ವಭಾವದವನು, ಓದುಬರಹ ಬಾರದವನು ಹಿಂದೆ ಉಳಿಯುತ್ತಾನೆ. ಕೊಡುವವರು ತಮ್ಮಂಥವರನ್ನೇ, ತಮ್ಮ ಬಳಗದವರನ್ನೇ ಆರಿಸುವ ಅಪಾಯವೂ ಇದೆ. ಆದ್ದರಿಂದ ಬಾಗಿಲು ತೆರೆದಿಟ್ಟರೆ ಸಾಲದು. ಬಾಗಿಲ ತನಕ ಬರಲು ಅಂಜುವವರನ್ನು ಹುಡುಕಿಕೊಂಡು ಹೋಗಬೇಕು. ಕೊಡುಗೆಯ ಸಭೆಯಲ್ಲಿ ಯಾರ ಧ್ವನಿ ಕೇಳಿಸಲಿಲ್ಲ ಎಂದು ಕೊಡುವವರು ಪ್ರತಿಸಲವೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಪ್ರಿಯ ಓದುಗರೇ, ಲೆಕ್ಕ ಬಹಳ ಸುಲಭ. ಹತ್ತು ಕುಟುಂಬಗಳು ತಿಂಗಳಿಗೆ ನೂರು ರೂಪಾಯಿ ಎತ್ತಿಟ್ಟರೆ ಒಂದು ಸಾವಿರ. ಬಡವರಿಗೆಂದು ನೀವು ಈಗಾಗಲೇ ಕೊಡುತ್ತಿರುವುದರಿಂದ ಇದನ್ನು ಕಡಿತಗೊಳಿಸಬೇಡಿ. ನಿಮ್ಮ ಸುಖದಿಂದ ಕಡಿತಗೊಳಿಸಿ. ಹಾಗೆ ಮಾಡಿದರೆ ಔಷಧಿ ಕೇಳಿ ಬಂದ ತಾಯಿಗೂ ಹಾಡು ಹಿಡಿದು ಬಂದ ಹುಡುಗನಿಗೂ ಜಗಳ ಹಚ್ಚುವ ಪ್ರಮೇಯವೇ ಬರುವುದಿಲ್ಲ. ಆ ಸಾವಿರದಿಂದ ಅವನು ಒಂದು ಸಣ್ಣ ಧ್ವನಿವರ್ಧಕ ತರಬಹುದು. ಮಳೆಗಾಲದಲ್ಲಿ ಅದು ಕೆಡಲೂಬಹುದು. ಆದರೆ ಅದಕ್ಕೆ ಮುಂಚೆ ಒಂದು ಮುಂಜಾನೆ, ಕೂಲಿಗೆ ಹೊರಟ ಹೆಂಗಸೊಬ್ಬಳು ಬಸ್ ನಿಲ್ದಾಣದಲ್ಲಿ ತನ್ನ ಅಜ್ಜಿಯ ಪದವನ್ನು ಕೇಳಿ ತಲೆಯೆತ್ತಿ ನೋಡಬಹುದು.

ಮುಂದಿನ ಸಲ ಅಂಥವನು ನಿಮ್ಮ ಬಾಗಿಲಿಗೆ ಬಂದಾಗ ‘ಇದರಿಂದ ಏನುಪಯೋಗ?’ ಎಂದು ಕೇಳುವ ಮುನ್ನ, ‘ಎಷ್ಟು ಬೇಕಾಗುತ್ತದೆಯಪ್ಪ?’ ಎಂದು ಕೇಳಿ ನೋಡಿ.